ಸಾಹೇಬರು ಬರುವ ಸುದ್ದಿ ಎಷ್ಟು ಮುಂಚೆ ತಿಳಿಯಬೇಕು?

ಗಂಡಿನ ಕಡೆಯವರು ಭಾನುವಾರ ಬರುತ್ತಾರೆಂದು ಸುದ್ದಿ ಬಂದರೆ ನಮ್ಮ ಮನೆಗಳು ಹೇಗಾಗುತ್ತವೆಂದು ನಿಮಗೆ ಗೊತ್ತೇ ಇದೆ. ಜೇಡರ ಬಲೆ ಹೋಗುತ್ತದೆ, ಅಟ್ಟದ ಮೇಲಿನ ಒಳ್ಳೆಯ ಲೋಟಗಳು ಕೆಳಗಿಳಿಯುತ್ತವೆ, ಕೇಸರಿಬಾತಿಗೆ ತುಪ್ಪ ಒಂದು ಚಮಚ ಹೆಚ್ಚೇ ಬೀಳುತ್ತದೆ. ಅದೇ ಅವರು ಮಂಗಳವಾರ ಹನ್ನೊಂದು ಗಂಟೆಗೆ ಹೇಳದೆ ಕೇಳದೆ ಬಂದುಬಿಟ್ಟರೆ? ಆಗ ಕಾಣುವ ಮನೆಯೇ ಬೇರೆ.

ಶಾಲೆಯ ತಪಾಸಣೆಯದೂ ಇದೇ ಕಥೆ. "ಅಮ್ಮಾ, ನಾಳಿದ್ದು ಸಾಹೇಬ್ರು ಬರ್ತಾರಂತೆ, ಯೂನಿಫಾರಂ ಒಗೆದು ಹಾಕ್ಕೊಂಡು ಬನ್ನಿ ಅಂದ್ರು ಮೇಷ್ಟ್ರು" ಎಂಬ ಮಾತನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ತಾಯಿ ತಾನೇ ಕೇಳಿಲ್ಲ? ಆ ದಿನ ಅಂಗಳ ಗುಡಿಸಿರುತ್ತದೆ, ಸಾರಿನಲ್ಲಿ ಬೇಳೆ ಗಟ್ಟಿಯಾಗಿರುತ್ತದೆ. ಮಾರನೆಯ ದಿನ?

ಹಾಗಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳು ಯಾವಾಗಲೂ ದಿಢೀರನೆ ಬರುವುದೇ ಸರಿಯೆ? ತಾಳಿ, ಮೇಷ್ಟ್ರ ಕಷ್ಟವನ್ನೂ ನೋಡೋಣ. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋಗಿದ್ದರೆ, ಆ ದಿನ ಬಂದವರಿಗೆ ಪಾಠದ ಬದಲು ಗಲಾಟೆಯೇ ಕಾಣುತ್ತದೆ. ಅದನ್ನು ನೋಡಿ ವರದಿ ಬರೆದರೆ ನ್ಯಾಯವಲ್ಲ. ಮದ್ದೂರಿನಂತೆ ಹೆದ್ದಾರಿಯ ಮೇಲಿರುವ ಊರಿಗೆ ಜೀಪು ಬೇಗ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆಗೆ ಅಷ್ಟು ಸುಲಭವಲ್ಲ. ಮೊಬೈಲು ಬಂದ ಮೇಲಂತೂ ಮೊದಲನೆಯ ಶಾಲೆಗೆ ಮಾತ್ರ ಅದು ದಿಢೀರ್ ಭೇಟಿ. ಎರಡನೆಯ ಶಾಲೆಗೆ ಜೀಪಿಗಿಂತ ಮುಂಚೆ ಫೋನು ಹೋಗಿರುತ್ತದೆ!

ಇಂಗ್ಲೆಂಡಿನಲ್ಲೂ ಈ ಜಗಳ ನಡೆದಿದೆ. ಅಲ್ಲಿ ಮೊದಲು ವಾರಗಟ್ಟಲೆ ಮುಂಚೆ ತಿಳಿಸುತ್ತಿದ್ದರು. 2005ರಲ್ಲಿ ಅದು ಎರಡು ದಿನಕ್ಕೆ ಇಳಿಯಿತು. 2012ರಲ್ಲಿ ಏನೂ ತಿಳಿಸದೆ ಬರುತ್ತೇವೆ ಎಂದಾಗ ಮುಖ್ಯೋಪಾಧ್ಯಾಯರು ವಿರೋಧಿಸಿದರು. ಕೊನೆಗೆ ಹಿಂದಿನ ದಿನ ಮಧ್ಯಾಹ್ನ ಫೋನು ಮಾಡಿ ಬರುವುದೆಂದಾಯಿತು.

ನಮ್ಮ ಮಟ್ಟಿಗೆ ಒಂದು ಸುಲಭ ಲೆಕ್ಕವಿದೆ. ಪಾಠ ನೋಡುವುದಕ್ಕೆ, ಶಿಕ್ಷಕರೊಡನೆ ಕೂತು ಮಾತಾಡುವುದಕ್ಕೆ ಒಂದೆರಡು ದಿನ ಮುಂಚೆ ತಿಳಿಸಲಿ. ಎರಡು ದಿನದಲ್ಲಿ ಯಾರೂ ಮಗುವಿಗೆ ಮಗ್ಗಿ ಕಲಿಸಿಬಿಡಲಾರರು. ಆದರೆ ಕುಡಿಯುವ ನೀರು, ಹೆಣ್ಣುಮಕ್ಕಳ ಶೌಚಾಲಯ, ಹಾಜರಿ, ಬಿಸಿಯೂಟದ ಅಡುಗೆಮನೆ, ಇವುಗಳಿಗೆ ಒಂದು ಗಂಟೆಯ ಸೂಚನೆಯೂ ಬೇಡ. ಏಕೆಂದರೆ ಇವು ದಿನವೂ ಸರಿಯಾಗಿರಬೇಕಾದವು. 2013ರ ಜುಲೈಯಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಊಟಕ್ಕೆ ಕೀಟನಾಶಕ ಸೇರಿ 23 ಮಕ್ಕಳು ತೀರಿಕೊಂಡದ್ದು ನೆನಪಿದೆಯಲ್ಲವೆ? ಕಬ್ಬು, ಭತ್ತ ಬೆಳೆಯುವ ನಮ್ಮ ಮನೆಗಳಲ್ಲೂ ಔಷಧಿ ಡಬ್ಬಗಳಿವೆ. ಖಾಲಿ ಡಬ್ಬ ಅಡುಗೆಮನೆಗೆ ಬಂದರೆ ಗತಿಯೇನು? ಇದನ್ನು ನೋಡಲು ವರ್ಷಕ್ಕೊಂದು ತಪಾಸಣೆ ಸಾಲದು.

ಇಲ್ಲೇ ನಿಮ್ಮ ಪಾತ್ರ ಬರುವುದು. ನಮ್ಮ ರಾಜ್ಯದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ಪೋಷಕರು, ಒಟ್ಟು ಅರ್ಧದಷ್ಟು ಹೆಂಗಸರು ಇರಬೇಕು. "ನಮ್ಮೆಜಮಾನ್ರು ಹೋಗ್ತಾರೆ ಬಿಡಿ" ಎನ್ನಬೇಡಿ. ಅಕ್ಕಿ ಬೇಳೆಯ ಅಳತೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ; ಆರರಿಂದ ಎಂಟರವರೆಗೆ 150, 30, 75 ಗ್ರಾಂ. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಲೇಬೇಕು.

ತಿಂಗಳಿಗೊಮ್ಮೆ ನಾಲ್ಕು ಜನ ತಾಯಂದಿರು ಸೇರಿ ಊಟದ ಹೊತ್ತಿಗೆ ಶಾಲೆಗೆ ಹೋಗಿ ಬನ್ನಿ. ತಪ್ಪು ಹುಡುಕುವವರ ಮುಖ ಹೊತ್ತು ಹೋಗಬೇಡಿ. ಅಡುಗೆ ಮಾಡುವಾಕೆಯೂ ನಿಮ್ಮಂತೆ ಒಬ್ಬ ತಾಯಿಯೇ. ನೀರಿನ ತೊಟ್ಟಿಯ ಮುಚ್ಚಳ, ಶೌಚಾಲಯದ ಚಿಲಕ, ಎಣ್ಣೆಯ ಡಬ್ಬ ನೋಡಿ. ಕೊರತೆ ಕಂಡರೆ ಮೊದಲು ಮುಖ್ಯೋಪಾಧ್ಯಾಯರಿಗೆ ಮೆಲ್ಲಗೆ ಹೇಳಿ, ಆಮೇಲೆ ಸಮಿತಿಯ ಸಭೆಯಲ್ಲಿ ಬರೆಸಿ. ಸಾಹೇಬರು ಬಂದ ದಿನ ಆ ಪುಸ್ತಕವನ್ನು ಅವರ ಮುಂದಿಡಿ.