ಮರುಭರ್ತಿ ಪ್ರೆಸ್ಸಿನ ಆಯ್ಕೆ: ವೇಗಕ್ಕೆ ತೆರಬೇಕಾದ ಬೆಲೆ

ಯಂತ್ರವೊಂದನ್ನು ಕೊಳ್ಳಲು ಹೋದಾಗ ಮಾರಾಟಗಾರನು ಮೊದಲು ಹೇಳುವುದು ಅದರ ವೇಗವನ್ನು. ಗಂಟೆಗೆ ಇಷ್ಟು ನಗ ಎಂಬ ಅಂಕಿಯೇ ಬಹುಪಾಲು ವ್ಯವಹಾರಗಳನ್ನು ಕುದುರಿಸಿಬಿಡುತ್ತದೆ. ಆ ವೇಗ ನಮಗೆ ಬೇಕೇ, ಅದರೊಡನೆ ಬರುವ ಹೊಣೆಯನ್ನು ನಾವು ಹೊರಬಲ್ಲೆವೇ ಎಂಬ ಪ್ರಶ್ನೆಗಳು ಏಳುವುದು ಹಣ ಪಾವತಿಯಾದ ಮೇಲೆ. ಅಮೆರಿಕದಲ್ಲಿ ಬಳಸಿದ ಕಾಡತೂಸುಗಳನ್ನು ಮನೆಯಲ್ಲಿಯೇ ಮರುಭರ್ತಿ ಮಾಡುವ ಕೈಪ್ರೆಸ್ಸುಗಳ ದೊಡ್ಡ ಮಾರುಕಟ್ಟೆಯಿದೆ. ತಪ್ಪು ಆಯ್ಕೆಗೆ ಹಣವಷ್ಟೇ ಅಲ್ಲದೆ ಕೈ, ಕಣ್ಣುಗಳನ್ನೂ ತೆರಬೇಕಾಗಬಹುದಾದ ಈ ಮಾರುಕಟ್ಟೆಯ ಅನುಭವವು ನಮ್ಮ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾದುದು.

ಮರುಭರ್ತಿ ಎಂದರೇನು?

ಕಾಡತೂಸಿನಲ್ಲಿ ನಾಲ್ಕು ಅಂಗಗಳಿರುತ್ತವೆ: ಹಿತ್ತಾಳೆಯ ಕೋಶ, ಕಿಡಿ ಹೊತ್ತಿಸುವ ಪ್ರೈಮರ್, ಹೊಗೆರಹಿತ ಮದ್ದು ಮತ್ತು ಗುಂಡು. ಹಾರಿಸಿದ ನಂತರ ಉಳಿಯುವುದು ಕೋಶ ಮಾತ್ರ. ಸಾಮಾನ್ಯವಾಗಿ ಬೆಲೆಯಲ್ಲಿ ದುಬಾರಿಯಾದ ಅಂಗವೂ ಅದೇ. ಶಾಖ ಮತ್ತು ಒತ್ತಡದಿಂದ ಹಿಗ್ಗಿದ ಕೋಶವನ್ನು ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡುಗಳನ್ನು ಕೂರಿಸಿದರೆ ಕಾಡತೂಸು ಮತ್ತೆ ಸಿದ್ಧವಾಗುತ್ತದೆ. ಗುರಿ ಸ್ಪರ್ಧೆಯವರೂ ಬೇಟೆಗಾರರೂ ಖರ್ಚು ಉಳಿಸಲು ಮತ್ತು ತಮ್ಮ ಬಂದೂಕಿಗೆ ಒಪ್ಪುವ ಕಾಡತೂಸನ್ನು ಪಡೆಯಲು ಈ ಮಾರ್ಗವನ್ನು ಅನುಸರಿಸುತ್ತಾರೆ.

ಅಮೆರಿಕದ ಫೆಡರಲ್ ಕಾನೂನಿನಡಿ ಸ್ವಂತ ಬಳಕೆಗಾಗಿ ಮಾಡುವ ಮರುಭರ್ತಿಗೆ ಪರವಾನಗಿ ಬೇಕಿಲ್ಲ. ಮಾರಾಟದ ವ್ಯವಹಾರಕ್ಕೆ ಇಳಿದರೆ ತಯಾರಕರ ಪರವಾನಗಿ ಕಡ್ಡಾಯ. ನಮ್ಮ ದೇಶದ ಸ್ಥಿತಿ ಬೇರೆ. 1959ರ ಆಯುಧ ಅಧಿನಿಯಮದ 5ನೆಯ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಆದುದರಿಂದ ಓದುಗರು ಇದನ್ನು ಯಂತ್ರದ ಆಯ್ಕೆಯ ಒಂದು ನಿದರ್ಶನವೆಂದು ಮಾತ್ರ ಪರಿಗಣಿಸತಕ್ಕದ್ದು.

ಮೂರು ಬಗೆಯ ಪ್ರೆಸ್ಸುಗಳು

ಮೊದಲನೆಯದು ಏಕಹಂತದ ಪ್ರೆಸ್ಸು. ಇದರಲ್ಲಿ ಒಮ್ಮೆಗೆ ಒಂದೇ ಡೈ ಕೂರುತ್ತದೆ. ಹಿಡಿಯನ್ನು ಒಮ್ಮೆ ಎಳೆದರೆ ಒಂದು ಕೆಲಸ. ಐವತ್ತು ಕೋಶಗಳಿಗೂ ಒಂದು ಹಂತವನ್ನು ಮುಗಿಸಿ, ಡೈ ಬದಲಿಸಿ, ಮುಂದಿನ ಹಂತಕ್ಕೆ ಹೋಗಬೇಕು. ಆರ್‌ಸಿಬಿಎಸ್ ಕಂಪನಿಯ ಎರಕದ ಕಬ್ಬಿಣದ ರಾಕ್ ಚಕರ್ ಈ ಬಗೆಯ ಪ್ರಸಿದ್ಧ ಮಾದರಿ. ಎರಡನೆಯದು ಟರೆಟ್ ಪ್ರೆಸ್ಸು. ತಿರುಗುವ ತಲೆಯಲ್ಲಿ ಎಲ್ಲ ಡೈಗಳೂ ಸಜ್ಜಾಗಿರುವುದರಿಂದ ಡೈ ಬಿಚ್ಚಿ ಕೂರಿಸುವ ಶ್ರಮವಿಲ್ಲ. ಆದರೂ ಒಂದು ಕಾಡತೂಸಿಗೆ ಹಲವು ಎಳೆತಗಳು ಬೇಕು. ಮೂರನೆಯದು ಪ್ರೋಗ್ರೆಸಿವ್ ಪ್ರೆಸ್ಸು. ಇಲ್ಲಿ ಹಲವು ಕೋಶಗಳನ್ನು ಹೊತ್ತ ತಟ್ಟೆಯೇ ತಿರುಗುತ್ತದೆ. ಪ್ರತಿ ಕೋಶವೂ ಒಂದೊಂದು ಹಂತದಲ್ಲಿರುವುದರಿಂದ ಪ್ರತಿ ಎಳೆತಕ್ಕೆ ಒಂದು ಪೂರ್ಣ ಕಾಡತೂಸು ಹೊರಬೀಳುತ್ತದೆ.

ಅಭ್ಯಾಸವಿದ್ದವರ ಕೈಯಲ್ಲಿ ಏಕಹಂತದ ಪ್ರೆಸ್ಸು ಸ್ಥೂಲವಾಗಿ ಗಂಟೆಗೆ ಐವತ್ತರಿಂದ ನೂರು ಕಾಡತೂಸುಗಳನ್ನು ಕೊಟ್ಟರೆ, ಪ್ರೋಗ್ರೆಸಿವ್ ಪ್ರೆಸ್ಸು ಹಲವು ನೂರುಗಳನ್ನು ಕೊಡುತ್ತದೆ.

ಲೆಕ್ಕ ಹಾಕುವ ಬಗೆ

ಇಲ್ಲಿ ಅನೇಕರು ಎಡವುತ್ತಾರೆ. ಮರುಭರ್ತಿಯಲ್ಲಿ ಉಳಿತಾಯ ಬರುವುದು ಕೋಶದ ಮರುಬಳಕೆಯಿಂದ. ಅದು ಯಾವ ಪ್ರೆಸ್ಸಿನಲ್ಲಾದರೂ ಒಂದೇ. ದುಬಾರಿ ಪ್ರೆಸ್ಸು ಉಳಿಸುವುದು ಸಮಯವನ್ನು ಮಾತ್ರ. ಉದಾಹರಣೆಗೆ, ಒಂದು ಪ್ರೆಸ್ಸು ಗಂಟೆಗೆ 50, ಇನ್ನೊಂದು 400 ಕಾಡತೂಸು ಕೊಡುತ್ತದೆಂದು ಭಾವಿಸೋಣ. ತಿಂಗಳಿಗೆ ನೂರು ಬೇಕಾದವನಿಗೆ ಎರಡು ಗಂಟೆಯ ಕೆಲಸ ಕಾಲು ಗಂಟೆಗೆ ಇಳಿಯುತ್ತದೆ. ಬೇರೆ ಅಳತೆಯ ಕಾಡತೂಸಿಗೆ ಬದಲಿಸಬೇಕಾದರೆ ತಟ್ಟೆ, ಡೈ, ಮದ್ದಿನ ಅಳತೆ ಎಲ್ಲವನ್ನೂ ಮರುಹೊಂದಿಸುವುದರಲ್ಲಿಯೇ ಆ ಉಳಿತಾಯದ ಒಂದು ಪಾಲು ಕರಗುತ್ತದೆ. ತಿಂಗಳಿಗೆ ಸಾವಿರ ಬೇಕಾದ ಸ್ಪರ್ಧಾಳುವಿಗಾದರೋ ಇಪ್ಪತ್ತು ಗಂಟೆಯ ಕೆಲಸ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಅವನಿಗೆ ದುಬಾರಿ ಯಂತ್ರ ನ್ಯಾಯವಾದ ಖರ್ಚು. ಮೊದಲಿನವನಿಗೆ ಅದು ಬರಿಯ ಅಲಂಕಾರ.

ಕಣ್ಣಿಗೆ ಬೀಳದ ದೋಷ

ವೇಗದ ನಿಜವಾದ ಬೆಲೆ ಬೇರೆಡೆ ಇದೆ. ಪಿಸ್ತೂಲಿನ ಕಾಡತೂಸುಗಳಲ್ಲಿ ಅನೇಕವೇಳೆ ಮದ್ದು ಕೋಶದ ಅರ್ಧವನ್ನೂ ತುಂಬುವುದಿಲ್ಲ. ಆದುದರಿಂದ ತಪ್ಪಿ ಎರಡು ಬಾರಿ ಮದ್ದು ಬಿದ್ದರೂ ಗುಂಡು ಸಲೀಸಾಗಿ ಕೂರುತ್ತದೆ. ಅಂತಹ ಕಾಡತೂಸು ಬಂದೂಕನ್ನೇ ಸಿಡಿಸಬಹುದು. ಮದ್ದೇ ಬೀಳದಿದ್ದರೆ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನರಿಯದೆ ಹಾರಿಸಿದ ಮುಂದಿನ ಗುಂಡಿನಿಂದ ನಳಿಗೆ ಒಡೆಯಬಹುದು.

ಏಕಹಂತದ ಪ್ರೆಸ್ಸಿನವನು ಐವತ್ತು ಕೋಶಗಳನ್ನು ಮರದ ಹಲಗೆಯಲ್ಲಿ ನಿಲ್ಲಿಸಿ, ದೀಪ ಹಿಡಿದು, ಪ್ರತಿಯೊಂದರ ಮದ್ದಿನ ಮಟ್ಟವನ್ನೂ ನೋಡಿದ ಮೇಲೆಯೇ ಗುಂಡು ಕೂರಿಸುತ್ತಾನೆ. ಪ್ರೋಗ್ರೆಸಿವ್ ಪ್ರೆಸ್ಸಿನಲ್ಲಿ ಆ ವಿರಾಮವಿಲ್ಲ. ನಡುವೆ ಕೋಶವೊಂದು ಸಿಕ್ಕಿಕೊಂಡು ಹಿಡಿ ನಿಂತಾಗ ಯಾವುದಕ್ಕೆ ಮದ್ದು ಬಿದ್ದಿದೆ, ಯಾವುದಕ್ಕಿಲ್ಲ ಎಂಬ ಗೊಂದಲ ಹುಟ್ಟುವುದೂ ಅಲ್ಲಿಯೇ. ಇದಕ್ಕಾಗಿ ಮದ್ದಿನ ಮಟ್ಟವನ್ನು ಪರೀಕ್ಷಿಸುವ ಡೈಗಳಿವೆ; ಆದರೆ ಅದಕ್ಕೊಂದು ಸ್ಥಾನ ಬೇಕು. ಡಿಲನ್ ಕಂಪನಿಯ 550 ಮಾದರಿಯಲ್ಲಿ ಸ್ಥಾನಗಳು ನಾಲ್ಕು, ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. 750 ಮಾದರಿಯಲ್ಲಿ ಸ್ಥಾನಗಳು ಐದು, ತಟ್ಟೆ ತಾನಾಗಿ ತಿರುಗುತ್ತದೆ. ಆ ಐದನೆಯ ಸ್ಥಾನವನ್ನು ವೇಗದ ಅಂಕಿಗಿಂತ ಹೆಚ್ಚಾಗಿ ಬೆಲೆಗಟ್ಟಬೇಕು.

ಸಮಾನ ಅಳತೆಯ ಲಾಭ

ಈ ಉದ್ದಿಮೆಯ ಇನ್ನೊಂದು ಗುಣ ಗಮನಾರ್ಹ. 7/8 ಇಂಚು ವ್ಯಾಸ, ಇಂಚಿಗೆ 14 ಥ್ರೆಡ್ ಎಂಬುದು ಡೈಗಳಿಗೆ ರೂಢಿಯ ಅಳತೆ. 1943ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಆರ್‌ಸಿಬಿಎಸ್, ವಿಸ್ಕಾನ್ಸಿನ್‌ನ ಲೀ, ನೆಬ್ರಾಸ್ಕಾದ ಹಾರ್ನಡಿ ಪರಸ್ಪರ ಪ್ರತಿಸ್ಪರ್ಧಿಗಳಾದರೂ, ಒಬ್ಬರ ಡೈ ಸಾಮಾನ್ಯವಾಗಿ ಇನ್ನೊಬ್ಬರ ಪ್ರೆಸ್ಸಿಗೆ ಹೊಂದುತ್ತದೆ. ಡಿಲನ್‌ನ ಸ್ಕ್ವೇರ್ ಡೀಲ್ ಬಿ ಮಾದರಿಯಂತೆ ತನ್ನದೇ ಡೈಗಳನ್ನು ಬೇಡುವ ಯಂತ್ರಗಳೂ ಉಂಟು. ಅಂತಹದನ್ನು ಕೊಳ್ಳುವವನು ಮುಂದಿನ ಖರೀದಿಗಳನ್ನೂ ಅಂದೇ ನಿರ್ಧರಿಸಿದಂತೆ.

ಕಚ್ಚಾವಸ್ತುವಿನ ಪ್ರಶ್ನೆಯೂ ಇದೆ. 2020 ಮತ್ತು 2021ರಲ್ಲಿ ಅಮೆರಿಕದಲ್ಲಿ ಪ್ರೈಮರಿನ ತೀವ್ರ ಅಭಾವ ತಲೆದೋರಿತು. ಪ್ರೈಮರ್ ಇಲ್ಲದಿದ್ದರೆ ಅತಿ ವೇಗದ ಪ್ರೆಸ್ಸೂ ಮೇಜಿನ ಮೇಲಿನ ಭಾರ ಮಾತ್ರ.

ಕೊನೆಯ ಮಾತು

ಈ ಕಾರಣಗಳಿಂದಲೇ ಅಲ್ಲಿನ ಅನುಭವಿಗಳು ಹೊಸಬರಿಗೆ ಸಾಮಾನ್ಯವಾಗಿ ಏಕಹಂತದ ಗಟ್ಟಿ ಪ್ರೆಸ್ಸಿನಿಂದ ಆರಂಭಿಸಲು ಹೇಳುತ್ತಾರೆ. ಕೆಲಸದ ಪ್ರತಿ ಹಂತವೂ ಕೈಗೆ ಪರಿಚಯವಾಗುತ್ತದೆ. ಮುಂದೆ ವೇಗದ ಯಂತ್ರ ಬಂದರೂ ಹಳೆಯದು ಸಣ್ಣಪುಟ್ಟ ಕೆಲಸಕ್ಕೆ ಒದಗುತ್ತದೆ. ಫ್ಲೈ ಪ್ರೆಸ್ಸಿನಿಂದ ಪವರ್ ಪ್ರೆಸ್ಸಿಗೆ ಏರಲು ಯೋಚಿಸುತ್ತಿರುವ ನಮ್ಮ ಸದಸ್ಯರಿಗೂ ಇದೇ ಸೂತ್ರ ಅನ್ವಯಿಸುತ್ತದೆ. ತಿಂಗಳಿಗೆ ಎಷ್ಟು ನಗ ಬೇಕು, ಎಷ್ಟು ಬಾರಿ ಡೈ ಬದಲಾಗುತ್ತದೆ, ದೋಷವನ್ನು ಯಾವ ಹಂತದಲ್ಲಿ ಯಾರು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿದ್ಧವಾದ ಮೇಲೆಯೇ ಮಾರಾಟಗಾರನನ್ನು ಕರೆಸುವುದು ಲೇಸು.