ಸ್ಕೂಟರಿನ ಹಿಂಬದಿಯ ಸದ್ದು

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಹಳ ಮಂದಿ ಮನೆಯಿಂದ ಸ್ಟೇಷನ್ನಿಗೆ, ಇಲ್ಲವೆ ನೇರವಾಗಿ ಕಾರ್ಖಾನೆಗೆ, ಸ್ಕೂಟರಿನ ಮೇಲೆ ಹೋಗತಕ್ಕವರು. ಆ ಗಾಡಿಗಳಲ್ಲಿ ಎಷ್ಟೋ ಮತ್ತೊಬ್ಬರು ಓಡಿಸಿ ಮಾರಿದವು. ಕಲ್ಯಾಣ-ಶೀಳ್ ರಸ್ತೆಯಲ್ಲೋ ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲೋ ಒಂದು ಮಳೆಗಾಲ ಹೊಂಡಗಳನ್ನು ಹತ್ತಿಳಿದರೆ ಅವುಗಳ ಹಿಂಬದಿಯಿಂದ ಒಂದಲ್ಲ ಒಂದು ಸದ್ದು ಹೊರಡುವುದುಂಟು. ಆಗ ಕೆಲವರು 'ಹಳೆಯ ಗಾಡಿ, ಗೊಣಗದೆ ಇದ್ದೀತೇ?' ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗ್ಯಾರೇಜಿಗೆ ಹೋಗಿ 'ಏನೋ ಸದ್ದು, ನೋಡಪ್ಪಾ' ಎಂದು ಗಾಡಿಯನ್ನೊಪ್ಪಿಸಿ ಬರುತ್ತಾರೆ. ಮೊದಲಿನವರು ಜೀವವನ್ನು ಪಣಕ್ಕಿಟ್ಟಂತೆ, ಎರಡನೆಯವರು ಸಂಬಳವನ್ನು.

ಸ್ಕೂಟರಿನಲ್ಲಿ ಎಂಜಿನ್, ಗಾಲಿ, ಬ್ರೇಕು, ಸೈಲೆನ್ಸರು ಎಲ್ಲವೂ ಸೀಟಿನ ಕೆಳಗೆ ಒಂದೇ ಗಂಟಾಗಿ ಕೂಡಿವೆ. ಮೇಲಿನ ಹೊದಿಕೆಯೂ ಸದ್ದಿಗೆ ದನಿಗೂಡಿಸುತ್ತದೆ. ಆದುದರಿಂದ ಬರಿಯ ಕಿವಿಯಿಂದ ಜಾಗ ಹುಡುಕಹೊರಟರೆ ಮೋಸಹೋಗುವುದೇ ಹೆಚ್ಚು. ಸದ್ದು ಎಲ್ಲಿಂದ ಎಂದು ಕೇಳುವುದಕ್ಕೆ ಮೊದಲು, ಯಾವಾಗ ಎಂದು ಕೇಳಬೇಕು.

ಇದಕ್ಕೆ ಕಾಸಿನ ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಬೆಳಿಗ್ಗೆ ಗದ್ದಲವಿಲ್ಲದ ಹೊತ್ತಿನಲ್ಲಿ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ನಿಲ್ಲಿಸಿ ಗಾಡಿಯನ್ನು ಹತ್ತಿಪ್ಪತ್ತು ಹೆಜ್ಜೆ ತಳ್ಳಿಕೊಂಡು ನಡೆಯಿರಿ. ಆಗಲೂ ಸದ್ದು ಬಂದರೆ ಅದು ಎಂಜಿನ್ನಿನದಲ್ಲ. ಗಾಲಿ, ಟೈರು, ಬ್ರೇಕು, ಬೇರಿಂಗ್ ಅಥವಾ ಗಾಲಿಯ ಪಕ್ಕದ ಗೇರು, ಇವುಗಳಲ್ಲೊಂದರದು. ಟಿಕ್ ಟಿಕ್ ಎಂದು ಗಾಲಿಯ ಸುತ್ತಿಗೆ ತಾಳ ಹಾಕಿದಂತಿದ್ದರೆ ಟೈರಿನ ಗೀರುಗಳಲ್ಲಿ ಹರಳು ಸಿಕ್ಕಿರಬಹುದು, ತೆಗೆದರೆ ತೀರಿತು. ಮೊಳೆಯಾಗಿದ್ದರೆ ಮಾತ್ರ ದಾರಿಯಲ್ಲಿ ಕೀಳಬೇಡಿ, ಪಂಕ್ಚರ್ ಅಂಗಡಿಯವರೆಗೆ ಅದು ಅಲ್ಲೇ ಇರಲಿ.

ಗರಗರ ಎನ್ನುವ, ವೇಗ ಹೆಚ್ಚಿದಂತೆ ಹೂಂಕಾರವಾಗುವ ಸದ್ದು ಬೇರಿಂಗಿನದು. ಗಿರಣಿಯಲ್ಲಿ ದುಡಿದವರಿಗೆ ಎಣ್ಣೆ ಕಾಣದ ಬೇರಿಂಗಿನ ಈ ದನಿಯನ್ನು ಹೇಳಿಕೊಡಬೇಕಾಗಿಲ್ಲ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಬಂದಾಗಿರುವಾಗಲೇ, ಹಿಂದಿನ ಗಾಲಿಯನ್ನು ಎರಡೂ ಕೈಗಳಿಂದ ಹಿಡಿದು ಅಡ್ಡಡ್ಡಲಾಗಿ ಅಲುಗಿಸಿ ನೋಡಿ. ಕಟಕಟ ಎಂದು ಆಡಿದರೆ ಬೇರಿಂಗ್ ಸವೆದಿದೆ, ಇಲ್ಲವೆ ಗಾಲಿಯ ನಡುವಿನ ದೊಡ್ಡ ನಟ್ಟು ಸಡಿಲಾಗಿದೆ. ಅಂಥ ಗಾಡಿಯ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸುವುದಂತೂ ದೂರ, ತಾವೂ ಕೂರಬಾರದು. ಡ್ಯೂಟಿಗೆ ತಡವಾದರೂ ಸರಿ, ಗ್ಯಾರೇಜಿನವರೆಗೆ ತಳ್ಳಿಕೊಂಡೇ ಹೋಗತಕ್ಕದ್ದು.

ಬ್ರೇಕು ಹಿಡಿದಾಗ ಮಾತ್ರ ಬರುವ ಸದ್ದಿನಲ್ಲಿ ಎರಡು ಬಗೆ. ರಾತ್ರಿಯೆಲ್ಲ ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಎರಡು ಮೂರು ಸಲ ಕೀರಿ ಸುಮ್ಮನಾದರೆ ಅದು ಡ್ರಮ್ಮಿಗೆ ಹತ್ತಿದ ತೆಳು ತುಕ್ಕು, ಹೆದರಬೇಕಾದುದಿಲ್ಲ. ಪ್ರತಿ ಸಲವೂ ಕರಕರ ಎಂದು ಕೆರೆಯುತ್ತಿದ್ದು, ಬ್ರೇಕಿನ ಹಿಡಿ ಮೊದಲಿಗಿಂತ ಒಳಕ್ಕೆ ಹೋಗುತ್ತಿದ್ದರೆ ಶೂ ಸವೆದು ಲೋಹಕ್ಕೆ ಲೋಹ ತಾಗುತ್ತಿದೆಯೆಂದು ತಿಳಿಯಬೇಕು. ತಂತಿ ಬಿಗಿಸಿದರೆ ಹಿಡಿಯೇನೋ ಸರಿಯಾದಂತೆ ಕಾಣುತ್ತದೆ, ಶೂ ಹೊಸದಾಗುವುದಿಲ್ಲ. ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದುವ ಚಾಳಿ ನಮ್ಮಲ್ಲಿ ಬಹಳ. ಹಳೆಯ ಬ್ರೇಕು ಶೂಗಳಲ್ಲಿ ಪುಪ್ಪುಸಕ್ಕೆ ಕೇಡುಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು.

ಹೊಂಡದಲ್ಲಿ ಮಾತ್ರ ಕೇಳುವುದು ಸಾಮಾನ್ಯವಾಗಿ ಸಡಿಲಾದ ವಸ್ತುವಿನ ಸದ್ದು. ನಂಬರು ಪ್ಲೇಟು, ಮಡ್‌ಗಾರ್ಡು, ಶಾಕ್ ಅಬ್ಸಾರ್ಬರಿನ ಬೋಲ್ಟು ಇವನ್ನು ಕೈಯಿಂದ ಅಲುಗಿಸಿ ನೋಡಿದರೆ ಗೊತ್ತಾಗುತ್ತದೆ. ಸ್ಟ್ಯಾಂಡಿನ ಸ್ಪ್ರಿಂಗನ್ನು ಮರೆಯಬೇಡಿ. ಅದು ತುಂಡಾದರೆ ಸ್ಟ್ಯಾಂಡು ಜೋತುಬಿದ್ದು ತಿರುವಿನಲ್ಲಿ ನೆಲಕ್ಕೆ ಸಿಕ್ಕಿ ಗಾಡಿಯನ್ನು ಕೆಡವಬಲ್ಲದು. ಗಾಡಿ ನಿಂತಿದ್ದು, ಎಂಜಿನ್ ಚಾಲೂ ಇರುವಾಗಲೂ ಸದ್ದಿದ್ದರೆ ಸೈಲೆನ್ಸರಿನ ಬೋಲ್ಟುಗಳ ಮೇಲೆ ಸಂಶಯ ಪಡಬಹುದು; ಮುಟ್ಟುವುದು ಮಾತ್ರ ತಣ್ಣಗಾದ ಮೇಲೆ. ಹೊರಡುವಾಗ ಮಾತ್ರ ನಡುಗಿ ಕಿರುಗುಟ್ಟುವುದು ಕ್ಲಚ್ಚು ಇಲ್ಲವೆ ಬೆಲ್ಟಿನ ವಿಷಯ. ಅದು ನಮ್ಮ ನಿಮ್ಮ ಕೈಗೆ ಸಿಕ್ಕುವಂಥದಲ್ಲ.

ಇಷ್ಟು ತಿಳಿದ ಮೇಲೆ ಮಿಸ್ತ್ರಿಗೆ ಹೇಳುವ ಮಾತು ಬದಲಾಗುತ್ತದೆ. ಊರಿನಿಂದ ಹೊಸದಾಗಿ ಬಂದವರಿಗೆ ಮರಾಠಿಯ ನಾಲ್ಕು ಮಾತುಗಳು ಸಾಕು. 'ಮಾಗೂನ್ ಆವಾಜ್ ಯೇತೋ' ಎಂದರೆ ಹಿಂದಿನಿಂದ ಸದ್ದು ಬರುತ್ತದೆ ಎಂದಷ್ಟೇ ಆಯಿತು. ಅದರ ಜೊತೆಗೆ 'ಬ್ರೇಕ್ ದಾಬಲ್ಯಾವರ್', ಅಂದರೆ ಬ್ರೇಕು ಒತ್ತಿದಾಗ, ಎಂದೋ 'ಖಡ್ಡ್ಯಾತ್ ಗೇಲ್ಯಾವರ್', ಅಂದರೆ ಹೊಂಡಕ್ಕೆ ಇಳಿದಾಗ, ಎಂದೋ ಸೇರಿಸಿದರೆ ಮಿಸ್ತ್ರಿಯ ಕೈ ನೇರವಾಗಿ ಆ ಭಾಗಕ್ಕೇ ಹೋಗುತ್ತದೆ. ಕೆಲಸ ಮುಗಿದ ಮೇಲೆ 'ಜುನಾ ಪಾರ್ಟ್ ಪರತ್ ದ್ಯಾ' ಎಂದು ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಬೇರಿಂಗನ್ನು ಬದಲಿಸಿದ್ದೇನೆಂದರೆ ಹಳೆಯದನ್ನು ಬೆರಳಿನಿಂದ ತಿರುಗಿಸಿ ನೋಡಿ. ನಿಜವಾಗಿ ಕೆಟ್ಟದ್ದಾದರೆ ಅದು ನುಣ್ಣಗೆ ಸುತ್ತದೆ ತಡೆತಡೆದು ಸುತ್ತುತ್ತದೆ, ಇಲ್ಲವೆ ಒಳಗಿನ ಬಳೆ ಲಟಲಟನೆ ಆಡುತ್ತದೆ.