ಬೆಳಿಗ್ಗೆ ಹಾಲು ಕರೆಯಲು ಬೆರಳು ಬಗ್ಗುತ್ತಿಲ್ಲವೇ?



ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹಸು ನೋಡಲು ಹೋದರೆ ಮನೆಯ ಹೆಣ್ಣುಮಕ್ಕಳು ತಮ್ಮ ಕೈಯನ್ನೂ ತೋರಿಸುತ್ತಾರೆ. “ಎದ್ದ ತಕ್ಷಣ ಮುಷ್ಟಿ ಕಟ್ಟೋಕಾಗಲ್ಲ ಡಾಕ್ಟ್ರೇ, ವಾತ ಇರಬೇಕು.” ನಾನು ದನದ ಡಾಕ್ಟರ್, ನಿಮಗೆ ಔಷಧಿ ಬರೆಯುವಂತಿಲ್ಲ. ಆದರೆ ವೈದ್ಯರು ಏನು ನೋಡುತ್ತಾರೆ, ನೀವು ಏನು ಹೇಳಬೇಕು ಎಂಬುದನ್ನು ತಿಳಿಸಬಲ್ಲೆ.

ಎಲ್ಲ ಕೀಲುನೋವೂ ರುಮಟಾಯ್ಡ್ ಸಂಧಿವಾತವಲ್ಲ. ವಯಸ್ಸಾಗಿ ಮಂಡಿ ಸವೆದ ನೋವು ದುಡಿದಷ್ಟೂ ಹೆಚ್ಚುತ್ತದೆ. ರುಮಟಾಯ್ಡ್‌ನಲ್ಲಿ ಬೆಳಗಿನ ಹೊತ್ತೇ ಬಿಗಿ ಜಾಸ್ತಿ. ಸಡಿಲವಾಗಲು ಅರ್ಧ ಗಂಟೆ, ಒಂದು ಗಂಟೆ ಬೇಕು. ಸಾಮಾನ್ಯವಾಗಿ ಎರಡೂ ಕೈಗಳ ಬೆರಳಿನ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಊದುತ್ತವೆ. ಹಾಗಾಗಿ ವೈದ್ಯರು ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಊತ 6 ವಾರ ದಾಟಿದೆಯೇ, ಈಚೆಗೆ ಚಿಕೂನ್‌ಗುನ್ಯಾ ಬಂದಿತ್ತೇ ಎಂದೂ ಕೇಳುತ್ತಾರೆ. ಊರಲ್ಲೇ ಯಾವುದೋ ಇಂಜೆಕ್ಷನ್ ಹಾಕಿಸಿಕೊಂಡು ಊತ ಇಳಿಸಿಕೊಂಡು ಹೋದರೆ ಅವರಿಗೆ ಕಾಣುವುದಾದರೂ ಏನು?

ಆಮೇಲೆ ರಕ್ತಪರೀಕ್ಷೆ. ಇ.ಎಸ್.ಆರ್., ಸಿ.ಆರ್.ಪಿ. ಹೆಚ್ಚಿದ್ದರೆ ಮೈಯಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ಅರ್ಥ. ಆರ್.ಎ. ಫ್ಯಾಕ್ಟರ್ ‘ಪಾಸಿಟಿವ್’ ಎಂದು ಬಂದರೆ ಹೆದರುವವರು ಬಹಳ. ಅದು ಆರೋಗ್ಯವಂತರಲ್ಲೂ ಕೆಲವರಿಗೆ ಬರುತ್ತದೆ, ಕಾಯಿಲೆ ಇದ್ದ ಕೆಲವರಿಗೆ ಬರುವುದೇ ಇಲ್ಲ. ಆ್ಯಂಟಿ-ಸಿ.ಸಿ.ಪಿ. ಪರೀಕ್ಷೆ ಪಾಸಿಟಿವ್ ಬಂದರೆ ಅದನ್ನು ಇನ್ನೂ ಹೆಚ್ಚು ನಂಬಬಹುದು. ಎಕ್ಸ್‌ರೇ ಶುರುವಿನಲ್ಲಿ ಸರಿಯಾಗಿಯೇ ಕಾಣಬಹುದು. ಇವನ್ನೆಲ್ಲ ಕೂಡಿಸಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಲ್ಯಾಬಿನ ಒಂದು ಚೀಟಿ ಸಾಲದು.

ಇನ್ನೊಂದು ವಿಷಯವನ್ನು ದನ ಸಾಕುವವರು ತಾವಾಗಿಯೇ ಹೇಳಬೇಕು, ಏಕೆಂದರೆ ವೈದ್ಯರು ಕೇಳದಿರಬಹುದು. ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿತ್ತೇ? ಬರಿಗೈಯಲ್ಲಿ ಸತ್ತೆ ತೆಗೆದಿರಾ? ಕಾಯಿಸದ ಹಾಲು ಕುಡಿದಿರಾ? ಕಂದುರೋಗ, ಅಂದರೆ ಬ್ರೂಸೆಲ್ಲೋಸಿಸ್, ಹೀಗೆ ಮನುಷ್ಯರಿಗೂ ಅಂಟುತ್ತದೆ. ಬಿಟ್ಟುಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ-ಮಂಡಿ ನೋವು ಬರುತ್ತದೆ. ಇದನ್ನೂ ವಾತವೆಂದೇ ತಿಳಿಯುವುದುಂಟು. ಇದಕ್ಕೆ ಬೇರೆ ರಕ್ತಪರೀಕ್ಷೆ ಇದೆ, ವಾರಗಟ್ಟಲೆ ಆ್ಯಂಟಿಬಯೋಟಿಕ್ ಬೇಕು. ರುಮಟಾಯ್ಡ್‌ಗೆ ಕೊಡುವ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವಂಥವು. ಎರಡನ್ನೂ ಅದಲುಬದಲು ಮಾಡಿದರೆ ಸೋಂಕು ಉಲ್ಬಣಿಸುತ್ತದೆ.

ತಾಲ್ಲೂಕು ಆಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಹೋಗುವಾಗ ಹಳೇ ರಿಪೋರ್ಟು, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ತಡಮಾಡಬೇಡಿ, ರುಮಟಾಯ್ಡ್‌ನಲ್ಲಿ ಸವೆದ ಕೀಲು ಮತ್ತೆ ಮೊದಲಿನಂತಾಗದು. ಹಸುವಿಗೆಂದು ನಾವು ಕೊಟ್ಟ ನೋವಿನ ಔಷಧಿಯನ್ನಂತೂ ನೀವು ಬಳಸಲೇಬೇಡಿ.